ಸೈನ್ಯವಿಲ್ಲ, ಮನೆತನವಿಲ್ಲ: ಸಿಸೆರೊ ಏರಿದ್ದು ಹೇಗೆ, ಬಿದ್ದದ್ದು ಯಾಕೆ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ಇತಿಹಾಸ ವಿದ್ಯಾರ್ಥಿನಿ. ನಮ್ಮ ಪಠ್ಯದಲ್ಲಿ ಸಿಸೆರೊ ಬಗ್ಗೆ ಇರುವುದು ಒಂದೇ ಸಾಲು, ‘ರೋಮ್‌ನ ಶ್ರೇಷ್ಠ ವಾಗ್ಮಿ’ ಅಂತ. ಅವನು ಕಾನ್ಸಲ್, ಅಂದರೆ ರೋಮ್‌ನ ಅತಿ ದೊಡ್ಡ ಅಧಿಕಾರಿ ಕೂಡ ಆಗಿದ್ದ ಎಂದು ಈಚೆಗೆ ಗೊತ್ತಾಯಿತು. ಸೈನ್ಯವಾಗಲಿ, ದೊಡ್ಡ ಮನೆತನವಾಗಲಿ ಇಲ್ಲದೆ ಬರೀ ಮಾತಿನಿಂದ ಅಷ್ಟು ಮೇಲೆ ಹೋಗಲು ಸಾಧ್ಯವೇ? ಹೋದವನು ಕೊನೆಗೆ ತಲೆ ಕಳೆದುಕೊಂಡದ್ದು ಯಾಕೆ? ಅವನು ಹೇಡಿ, ಸಮಯಸಾಧಕ ಅನ್ನುವವರೂ ಇದ್ದಾರೆ. ಅದು ನಿಜವೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೂರಕ್ಕೂ ಬೇರು ಒಂದೇ ಕಡೆ ಇದೆ. ಸಿಸೆರೊ ಕೈಯಲ್ಲಿದ್ದ ಬಂಡವಾಳ ಮಾತು. ಆ ಬಂಡವಾಳ ನಡೆಯಬೇಕಾದರೆ ಕೋರ್ಟು ಇರಬೇಕು, ಸೆನೆಟ್ ಎಂಬ ಹಿರಿಯರ ಆಡಳಿತ ಸಭೆ ಇರಬೇಕು, ಕಾನೂನಿಗೆ ಜನ ಹೆದರಬೇಕು. ಅದೆಲ್ಲ ಇದ್ದಷ್ಟು ದಿನ ಅವನು ಏರಿದ. ಅದನ್ನು ಉಳಿಸಬೇಕು ಅಂತ ಹೊರಟು ಎರಡು ಸಲ ತಾನೇ ಕಾನೂನಿನ ಬೇಲಿ ದಾಟಿದ. ಎರಡರ ಲೆಕ್ಕವೂ ಕೊನೆಗೆ ಅವನ ತಲೆಯ ಮೇಲೇ ಬಂತು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಬರುವ ಇಸವಿಗಳೆಲ್ಲ ಕ್ರಿ.ಪೂ. ಲೆಕ್ಕದವು. ಹಾಗಾಗಿ ಅಂಕಿ ಇಳಿಯುತ್ತಾ ಹೋಗುತ್ತದೆ.

ಅವನು ಹುಟ್ಟಿದ್ದು 106ರ ಜನವರಿ 3ರಂದು, ಅರ್ಪಿನಮ್ ಎಂಬ ಊರಲ್ಲಿ. ರೋಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಗುಡ್ಡದ ಊರು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಜಮೀನಿತ್ತು. ಆದರೆ ಆ ವಂಶದಲ್ಲಿ ಯಾರೂ ಸೆನೆಟ್ ಮೆಟ್ಟಿಲು ಹತ್ತಿದವರಲ್ಲ. ಇಂಥವರಿಗೆ ರೋಮನ್ನರು ‘ಹೊಸ ಮನುಷ್ಯ’ ಅನ್ನುತ್ತಿದ್ದರು. ಆ ಮಾತಿನಲ್ಲಿ ಗೌರವ ಕಡಿಮೆ, ತಾತ್ಸಾರ ಜಾಸ್ತಿ. ಸಿಸೆರೊ ಅನ್ನುವ ಹೆಸರಿನ ಮೂಲವೇ ಕಡಲೆಕಾಳು. ರಾಜಕೀಯಕ್ಕೆ ಇಳಿಯುವ ಮೊದಲು ಈ ಹೆಸರು ಬದಲಿಸಿಕೋ ಅಂತ ಸ್ನೇಹಿತರು ಬುದ್ಧಿ ಹೇಳಿದರಂತೆ. ದೊಡ್ಡ ಮನೆತನಗಳ ಹೆಸರಿಗಿಂತ ಈ ಹೆಸರನ್ನೇ ದೊಡ್ಡದು ಮಾಡುತ್ತೇನೆ ಅಂದನಂತೆ ಇವನು. ಮುಂದೆ ಸಿಸಿಲಿಯಲ್ಲಿ ದೇವರಿಗೆ ಬೆಳ್ಳಿಯ ವಸ್ತು ಒಪ್ಪಿಸುವಾಗ ತನ್ನ ಮೊದಲ ಎರಡು ಹೆಸರು ಕೆತ್ತಿಸಿ, ಮೂರನೆಯದರ ಜಾಗದಲ್ಲಿ ಒಂದು ಕಡಲೆಕಾಳಿನ ಚಿತ್ರ ಹಾಕಿಸಿದನೆಂದು ಅವನ ಜೀವನಚರಿತ್ರೆ ಬರೆದ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುತ್ತಾನೆ.

ಆ ಕಾಲದ ರೋಮ್‌ನಲ್ಲಿ ಹೆಸರು ಮಾಡಲು ಎರಡು ದಾರಿ. ಒಂದು ಯುದ್ಧ, ಇನ್ನೊಂದು ನ್ಯಾಯಾಲಯ. ಅರ್ಪಿನಮ್‌ನವನೇ ಆದ ಗಾಯಸ್ ಮಾರಿಯಸ್ ಕತ್ತಿಯ ದಾರಿಯಲ್ಲಿ ಹೋಗಿ ಏಳು ಸಲ ಕಾನ್ಸಲ್ ಆದ. ಸಿಸೆರೊ ಹುಡುಗನಾಗಿದ್ದಾಗ ಸ್ವಲ್ಪ ದಿನ ದಂಡಿನಲ್ಲಿ ಇದ್ದು ನೋಡಿದ. ಅದು ತನ್ನ ಕೆಲಸವಲ್ಲ ಅಂತ ಗೊತ್ತಾಯಿತು. ಕೋರ್ಟಿಗೆ ಬಂದ.

80ರಲ್ಲಿ, 26ರ ವಯಸ್ಸಿನಲ್ಲಿ, ಯಾವ ದೊಡ್ಡ ವಕೀಲನೂ ಮುಟ್ಟಲು ಹೆದರಿದ ಒಂದು ಮೊಕದ್ದಮೆ ಹಿಡಿದ. ಸೆಕ್ಸ್ಟಸ್ ರೋಸಿಯಸ್ ಎಂಬ ಹಳ್ಳಿಯವನ ಮೇಲೆ ತಂದೆಯನ್ನೇ ಕೊಂದ ಆರೋಪ. ಆದರೆ ಸತ್ತವನ 60 ಲಕ್ಷ ಸೆಸ್ಟರ್ಸ್ (ರೋಮ್‌ನ ನಾಣ್ಯ) ಬೆಲೆಯ ಆಸ್ತಿಯನ್ನು ಬರೀ 2,000ಕ್ಕೆ ಹರಾಜಿನಲ್ಲಿ ಎತ್ತಿಕೊಂಡವನು ಕ್ರೈಸೋಗೊನಸ್. ಅವನು ಯಾರು? ಸಾವಿರಾರು ಜನರನ್ನು ಪಟ್ಟಿ ಮಾಡಿ ಕೊಲ್ಲಿಸಿದ್ದ ಸರ್ವಾಧಿಕಾರಿ ಸುಲ್ಲಾನ ಬಲಗೈ ಬಂಟ. ಸುಲ್ಲಾ ಇನ್ನೂ ಅಧಿಕಾರದಲ್ಲೇ ಇದ್ದ. ಸಿಸೆರೊ ಕೋರ್ಟಿನಲ್ಲಿ ನಿಂತು ಕೇಳಿದ್ದು ಇಷ್ಟೇ: ಈ ಕೊಲೆಯಿಂದ ಲಾಭ ಆದದ್ದು ಯಾರಿಗೆ? ರೋಸಿಯಸ್ ಬಿಡುಗಡೆಯಾದ. ಇವನ ಹೆಸರು ಊರೆಲ್ಲ ಹರಡಿತು. ಹೇಡಿ ಅನ್ನುವವರು ಮೊದಲು ಈ ಮೊಕದ್ದಮೆಯನ್ನು ನೋಡಬೇಕು.

ಆಮೇಲೆ ಗಂಟಲು ಕೈಕೊಟ್ಟಿತು. ಏರಿಳಿತವಿಲ್ಲದೆ ಕೂಗಿ ಮಾತಾಡುವುದು ಅವನ ಅಭ್ಯಾಸ. ಹೀಗೇ ಮಾಡಿದರೆ ಉಳಿಯುವುದಿಲ್ಲ ಅಂತ ವೈದ್ಯರು ಹೆದರಿಸಿದರು. ಅಥೆನ್ಸ್‌ಗೆ, ಅಲ್ಲಿಂದ ರೋಡ್ಸ್ ದ್ವೀಪಕ್ಕೆ ಹೋದ. ಎರಡು ವರ್ಷ ಗುರುಗಳ ಹತ್ತಿರ ಉಸಿರು ಹಿಡಿಯುವುದು, ದನಿ ಇಳಿಸುವುದು ಕಲಿತು ಬಂದ. ಒಬ್ಬ ಹಾಡುಗಾರ ಕಂಠ ತಿದ್ದಿಕೊಂಡ ಹಾಗೆ.

75ರಲ್ಲಿ ಕ್ವೆಸ್ಟರ್ ಆದ. ಇದು ಹಣಕಾಸಿನ ಲೆಕ್ಕ ನೋಡುವ ಹುದ್ದೆ, ರಾಜಕೀಯದ ಮೊದಲ ಮೆಟ್ಟಿಲು. ಅದರ ಮೇಲೆ ಊರಿನ ಉಸ್ತುವಾರಿ ನೋಡುವ ಈಡೈಲ್, ನ್ಯಾಯದ ಕೆಲಸ ನೋಡುವ ಪ್ರೇಟರ್, ಎಲ್ಲಕ್ಕಿಂತ ಮೇಲೆ ವರ್ಷಕ್ಕೆ ಇಬ್ಬರಂತೆ ಕಾನ್ಸಲ್. ಕ್ವೆಸ್ಟರ್ ಆಗಲು 30, ಪ್ರೇಟರ್‌ಗೆ 39, ಕಾನ್ಸಲ್‌ಗೆ 42 ಆಗಿರಬೇಕು. ಸಿಸೆರೊ ಈ ಮೂರನ್ನೂ ಕಾನೂನು ಬಿಡುವ ಮೊದಲ ವರ್ಷದಲ್ಲೇ ಗೆದ್ದ. ಹೊಸಬನೊಬ್ಬನಿಗೆ ಇದು ಸಣ್ಣ ಮಾತಲ್ಲ.

ಅವನ ಕೆಲಸ ಬಿದ್ದದ್ದು ಪಶ್ಚಿಮ ಸಿಸಿಲಿಯ ಲಿಲಿಬೇಯಮ್‌ನಲ್ಲಿ. ಅಲ್ಲಿಂದ ವಾಪಸು ಬರುವಾಗ ನಡೆದ ಒಂದು ಸಣ್ಣ ಪ್ರಸಂಗವನ್ನು ಅವನೇ ಮುಂದೆ ಕೋರ್ಟಿನಲ್ಲಿ ಹೇಳಿಕೊಂಡಿದ್ದಾನೆ. ಅವನ ರಾಜಕೀಯ ಅರ್ಥವಾಗಬೇಕಾದರೆ ಇದು ಗೊತ್ತಿರಲೇಬೇಕು. ರೋಮ್‌ನಲ್ಲಿ ಕಾಳು ಸಾಲದೆ ಬೆಲೆ ಏರಿದ್ದಾಗ ಸಿಸಿಲಿಯಿಂದ ರಾಶಿ ರಾಶಿ ಗೋಧಿ ಕಳಿಸಿದ್ದ. ಒಂದು ಕಾಸೂ ಮುಟ್ಟಿರಲಿಲ್ಲ. ರೋಮ್‌ನಲ್ಲಿ ಎಲ್ಲರ ಬಾಯಲ್ಲೂ ತನ್ನದೇ ಮಾತು ಅಂದುಕೊಂಡು ಪುಟಿಯೋಲಿ ಬಂದರಿಗೆ ಇಳಿದ. ದೊಡ್ಡ ಮಂದಿ ಹವಾ ಬದಲಾವಣೆಗೆ ಬಂದು ಕೂತಿರುವ ಕಾಲ ಅದು. ಒಬ್ಬ ಬಂದು, “ರೋಮ್‌ನಿಂದ ಯಾವತ್ತು ಹೊರಟ್ರಿ? ಅಲ್ಲಿ ಏನು ಸಮಾಚಾರ?” ಅಂತ ಕೇಳಿದ. “ನಾನು ನನ್ನ ಪ್ರಾಂತ್ಯದಿಂದ ಬರುತ್ತಾ ಇದ್ದೀನಿ” ಅಂದ ಸಿಸೆರೊ. “ಓ ಹೌದಲ್ವಾ, ಆಫ್ರಿಕಾದಿಂದ.” ಸಿಟ್ಟು ನುಂಗಿಕೊಂಡು, “ಅಲ್ಲ, ಸಿಸಿಲಿಯಿಂದ” ಅಂದ. ಆಗ ಪಕ್ಕದಲ್ಲಿದ್ದ ಎಲ್ಲ ಬಲ್ಲವನೊಬ್ಬ ಬಾಯಿ ಹಾಕಿದ: “ಏನ್ರೀ, ಇವರು ಸಿರಾಕ್ಯೂಸ್‌ನಲ್ಲಿ ಕ್ವೆಸ್ಟರ್ ಆಗಿದ್ದದ್ದು ನಿಮಗೆ ಗೊತ್ತಿಲ್ವಾ?” ಅದೂ ತಪ್ಪು. ಸಿರಾಕ್ಯೂಸ್ ದ್ವೀಪದ ಇನ್ನೊಂದು ಕೊನೆ.

ಸಿಸೆರೊ ಸುಮ್ಮನಾದ. ಮಜ್ಜನಕ್ಕೆ ಬಂದ ಇನ್ನೊಬ್ಬನ ಹಾಗೆ ಜನರ ನಡುವೆ ಸೇರಿಕೊಂಡ. ಅವತ್ತು ಕಲಿತದ್ದು ತನಗೆ ಎಲ್ಲ ಹೊಗಳಿಕೆಗಿಂತ ಹೆಚ್ಚು ಉಪಯೋಗಕ್ಕೆ ಬಂತು ಅನ್ನುತ್ತಾನೆ. ರೋಮ್‌ನ ಜನರ ಕಿವಿ ಮಂದ, ಕಣ್ಣು ಚುರುಕು. ದೂರದಲ್ಲಿ ಏನು ಒಳ್ಳೆಯದು ಮಾಡಿದರೂ ಅವರಿಗೆ ಕೇಳಿಸುವುದಿಲ್ಲ. ಆವತ್ತಿನಿಂದ ದಿನಾ ಅವರ ಕಣ್ಣಿಗೆ ಬೀಳುವ ಹಾಗೆ ಬದುಕಿದ. ಊರ ನಡುವಿನ ಸಾರ್ವಜನಿಕ ಚೌಕವಾದ ಫೋರಮ್ ಬಿಟ್ಟು ಕದಲಲಿಲ್ಲ. ನಿದ್ದೆಯ ಹೊತ್ತಿನಲ್ಲಿ ಬಂದವರನ್ನೂ ಬಾಗಿಲಿನಿಂದ ವಾಪಸು ಕಳಿಸಲಿಲ್ಲ. ಇದು ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ.

ಉಳಿದ ಅರ್ಧ 70ರ ವೆರೆಸ್ ಮೊಕದ್ದಮೆ. ವೆರೆಸ್ 73ರಿಂದ 71ರವರೆಗೆ ಸಿಸಿಲಿಯ ಗವರ್ನರ್. ದೇವಸ್ಥಾನದ ವಿಗ್ರಹಗಳನ್ನು ಕಿತ್ತುಕೊಂಡು ಹೋಗಿದ್ದ. ರೈತರ ಕಣಜ ಬರಿದು ಮಾಡಿದ್ದ. ಗಾವಿಯಸ್ ಎಂಬ ರೋಮನ್ ಪ್ರಜೆಯನ್ನು, ‘ನಾನು ರೋಮ್‌ನ ಪ್ರಜೆ’ ಅಂತ ಅವನು ಕೂಗುತ್ತಿದ್ದರೂ ಬಿಡದೆ, ಇಟಲಿಯ ದಡ ಕಾಣುವ ಕಡೆ ಶಿಲುಬೆಗೆ ಏರಿಸಿದ್ದ. ಸಿಸಿಲಿಯವರಿಗೆ ನೆನಪಾದದ್ದು ಹಿಂದೆ ಅಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದ ಕ್ವೆಸ್ಟರ್. ವೆರೆಸ್‌ಗೆ ಭಯ ಇರಲಿಲ್ಲ. ಮೂರು ವರ್ಷದ ಗಳಿಕೆಯಲ್ಲಿ ಒಂದು ವರ್ಷದ್ದು ತನಗೆ, ಒಂದು ವರ್ಷದ್ದು ವಕೀಲರಿಗೆ, ಎಲ್ಲಕ್ಕಿಂತ ಒಳ್ಳೆಯ ವರ್ಷದ್ದು ತೀರ್ಪುಗಾರರಿಗೆ ಅಂತ ಅವನು ಹಂಚಿಟ್ಟಿದ್ದನೆಂದು ಸಿಸೆರೊ ಕೋರ್ಟಿನಲ್ಲೇ ಹೇಳಿದ. ಎದುರು ವಕೀಲ ಹಾರ್ಟೆನ್ಸಿಯಸ್, ಆಗಿನ ನಂಬರ್ ಒನ್. ಅವನೇ ಮುಂದಿನ ವರ್ಷದ ಕಾನ್ಸಲ್ ಕೂಡ. ಅವರ ಉಪಾಯ ಸರಳ: ಹೇಗಾದರೂ ಎಳೆದು ವಿಚಾರಣೆಯನ್ನು ಮುಂದಿನ ವರ್ಷಕ್ಕೆ ದಾಟಿಸುವುದು. ಆಗ ನ್ಯಾಯಾಧೀಶನೂ ಅವರ ಕಡೆಯವನೇ ಬರುತ್ತಿದ್ದ.

ಸಾಕ್ಷ್ಯ ಸೇರಿಸಲು ಸಿಸೆರೊ ಕೇಳಿದ್ದು 110 ದಿನ. ಮುಗಿಸಿದ್ದು 50 ದಿನದಲ್ಲಿ. ಆಗಸ್ಟ್ 5ಕ್ಕೆ ವಿಚಾರಣೆ ಶುರುವಾಯಿತು. ಮಾತಿನ ಮಲ್ಲ ಇವನು, ಮೊದಲ ಭಾಷಣವೇ ದಿನಗಟ್ಟಲೆ ನಡೆಯುತ್ತದೆ ಅಂತ ಎಲ್ಲರೂ ಕಾದಿದ್ದರು. ಅವನು ಚುಟುಕಾಗಿ ಮಾತು ಮುಗಿಸಿ ನೇರ ಸಾಕ್ಷಿಗಳನ್ನೇ ಕರೆದ. ಒಬ್ಬರ ಹಿಂದೆ ಒಬ್ಬರು ಬಂದು ಹೇಳತೊಡಗಿದರು. ಹಾರ್ಟೆನ್ಸಿಯಸ್‌ಗೆ ಎಳೆದಾಡಲು ಏನೂ ಸಿಗಲಿಲ್ಲ. ತೀರ್ಪಿಗೆ ಮೊದಲೇ ವೆರೆಸ್ ಊರು ಬಿಟ್ಟ. ಈಗ ಮಾರ್ಸೆ ಎಂದು ಕರೆಯುವ ಮಸ್ಸಿಲಿಯಾಕ್ಕೆ ಹೋಗಿ ಸೇರಿಕೊಂಡ. ಸಿಸೆರೊ ಬರೆದಿಟ್ಟುಕೊಂಡಿದ್ದ ಐದು ದೊಡ್ಡ ಭಾಷಣಗಳನ್ನು ಆಡುವ ಪ್ರಸಂಗವೇ ಬರಲಿಲ್ಲ. ಅವನ್ನು ಬರಹವಾಗಿ ಹೊರತಂದ. ಮಾತಾಡದೆ ಇರುವುದು ಯಾವಾಗ ಅಂತ ಬಲ್ಲ ಮಾತುಗಾರ. ನನಗೆ ಅವನ ವೃತ್ತಿಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಘಟ್ಟ ಇದು.

ಅಲ್ಲಿಂದ ದಾರಿ ಸಲೀಸು. 69ರಲ್ಲಿ ಈಡೈಲ್, 66ರಲ್ಲಿ ಪ್ರೇಟರ್. ಜನರ ಕಣ್ಮಣಿಯಾಗಿದ್ದ ಸೇನಾಪತಿ ಪಾಂಪೆಗೆ ಪೂರ್ವದ ಯುದ್ಧದ ಪೂರ್ತಿ ಅಧಿಕಾರ ಕೊಡಬೇಕು ಅಂತ ಅದೇ ವರ್ಷ ಭಾಷಣ ಮಾಡಿದ. ಅದರಿಂದ ಪಾಂಪೆಯ ಕಡೆಯ ಮತಗಳೂ ಇವನ ಕಡೆ ತಿರುಗಿದವು.

ಕಾನ್ಸಲ್ ಚುನಾವಣೆ ನಾವು ಅಂದುಕೊಳ್ಳುವ ಹಾಗೆ ಒಬ್ಬರಿಗೆ ಒಂದು ಓಟು ಅಲ್ಲ. ಜನರನ್ನು 193 ಗುಂಪುಗಳಾಗಿ ವಿಂಗಡಿಸಿದ್ದರು. ಒಂದು ಗುಂಪಿಗೆ ಒಂದು ಮತ. ಶ್ರೀಮಂತರ ಗುಂಪುಗಳು ಜಾಸ್ತಿ, ಅವು ಮೊದಲು ಮತ ಹಾಕುತ್ತವೆ. 97 ಗುಂಪು ಸಿಕ್ಕರೆ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಬಡವರ ಸರದಿ ಎಷ್ಟೋ ಸಲ ಬರುವುದೇ ಇಲ್ಲ. ಹಾಗಾಗಿ ಉಳ್ಳವರ ವಿಶ್ವಾಸ ಇಲ್ಲದೆ ಗೆಲುವಿಲ್ಲ. ಅಭ್ಯರ್ಥಿಗಳು ಸುಣ್ಣದಂಥ ಪುಡಿ ಹಚ್ಚಿ ಬೆಳ್ಳಗೆ ಮಾಡಿದ ಉಡುಪು ತೊಟ್ಟು ಫೋರಮ್‌ನಲ್ಲಿ ಓಡಾಡುತ್ತಿದ್ದರು. ಈಗಲೂ ‘ಕ್ಯಾಂಡಿಡೇಟ್’ ಅನ್ನುತ್ತೀವಲ್ಲ, ಆ ಪದ ಬಂದದ್ದು ಲ್ಯಾಟಿನ್‌ನ ಈ ‘ಬಿಳುಪಿನಿಂದ’. ಎದುರು ಬಂದವರ ಹೆಸರನ್ನು ಕಿವಿಯಲ್ಲಿ ಹೇಳಿಕೊಡಲು ಪಕ್ಕದಲ್ಲೊಬ್ಬ ಗುಲಾಮ ಇರುತ್ತಿದ್ದ. ಸಿಸೆರೊ ಮಾತ್ರ ದೊಡ್ಡವರ ಮನೆ ಎಲ್ಲಿ, ತೋಟ ಎಲ್ಲಿ, ನೆರೆಯವರು ಯಾರು ಅಂತ ತಾನೇ ನೆನಪಿಟ್ಟುಕೊಳ್ಳುತ್ತಿದ್ದ. ಕೋರ್ಟಿನಲ್ಲಿ ಅವನು ಉಳಿಸಿದ್ದ ಜನ, ಅವರ ಊರುಗಳು, ವ್ಯಾಪಾರಿಗಳು ಎಲ್ಲ ಆ ವರ್ಷ ಬೆನ್ನಿಗೆ ನಿಂತರು. ಎದುರಾಳಿಗಳಲ್ಲಿ ಒಬ್ಬ ಕ್ಯಾಟಿಲೈನ್. ಹಳೆಯ ಕುಲೀನ ಮನೆತನ, ಮೈತುಂಬ ಸಾಲ. ಸಾಲ ಮನ್ನಾ ಮಾಡುವ ಮಾತು ಅವನ ಸುತ್ತ ಹರಿದಾಡುತ್ತಿತ್ತು. ಉಳ್ಳವರು ಹೆದರಿದರು. ಹೊಸಬನೇ ವಾಸಿ ಅಂದುಕೊಂಡರು. ಸಿಸೆರೊ ಎಲ್ಲರಿಗಿಂತ ಮುಂದೆ ಬಂದು 63ರ ಕಾನ್ಸಲ್ ಆದ. ಸುಮಾರು 30 ವರ್ಷದಿಂದ ಯಾವ ಹೊಸ ಮನುಷ್ಯನಿಗೂ ಸಿಗದ ಹುದ್ದೆ.

ಅವನ ಬದುಕಿನ ನಡು ಕಂಬ ಈ ವರ್ಷ. ಕ್ಯಾಟಿಲೈನ್ ಮತ್ತೆ ನಿಂತ, ಮತ್ತೆ ಸೋತ. ಆಮೇಲೆ ಸಂಚಿಗೆ ಇಳಿದ. ನವೆಂಬರ್‌ನಲ್ಲಿ ಬೆಳಗ್ಗೆ ನಮಸ್ಕಾರಕ್ಕೆ ಬಂದವರ ವೇಷದಲ್ಲಿ ಸಿಸೆರೊನನ್ನು ಮನೆಯಲ್ಲೇ ಕೊಲ್ಲಲು ಇಬ್ಬರು ಬಂದರು. ಮುಂಚೆಯೇ ಸುದ್ದಿ ಸಿಕ್ಕಿತ್ತು, ಬಾಗಿಲು ತೆರೆಯಲಿಲ್ಲ. ಅದಾದ ಮೇಲೆ ಜುಪಿಟರ್ ದೇಗುಲದಲ್ಲಿ ಸೆನೆಟ್ ಸೇರಿತು. ಕ್ಯಾಟಿಲೈನ್ ಏನೂ ಆಗದವನ ಹಾಗೆ ಬಂದು ಕೂತ. ಅವನು ಕೂತ ಬೆಂಚಿನಿಂದ ಉಳಿದವರು ಎದ್ದು ಹೋದರು. ಸಿಸೆರೊ ನಮಸ್ಕಾರ, ಪೀಠಿಕೆ ಏನೂ ಇಲ್ಲದೆ ಶುರು ಮಾಡಿದ: ಎಲ್ಲಿಯವರೆಗೆ, ಕ್ಯಾಟಿಲೈನ್, ನಮ್ಮ ತಾಳ್ಮೆಯನ್ನು ಹೀಗೆ ಬಳಸಿಕೊಳ್ಳುತ್ತೀಯ? ಅವತ್ತೇ ರಾತ್ರಿ ಕ್ಯಾಟಿಲೈನ್ ಊರು ಬಿಟ್ಟ. ಮಾತಿನಿಂದ ಗೆದ್ದ ಗೆಲುವು ಅದು.

ಡಿಸೆಂಬರ್ ಶುರುವಿನಲ್ಲಿ ಊರೊಳಗೆ ಉಳಿದಿದ್ದ ಸಂಚುಕೋರರ ಕಾಗದ ಪತ್ರ ಸಿಕ್ಕಿಬಿದ್ದವು. ಐದು ಜನ ಕೈಗೆ ಸಿಕ್ಕರು. ಅವರಲ್ಲಿ ಲೆಂಟುಲಸ್ ಎಂಬವನು ಹಿಂದೆ ಕಾನ್ಸಲ್ ಆಗಿದ್ದವನು, ಆ ವರ್ಷ ಪ್ರೇಟರ್. ಈ ಹೆಸರು ನೆನಪಿಟ್ಟುಕೊಳ್ಳಿ. ಇವರನ್ನು ಏನು ಮಾಡುವುದು? ರೋಮನ್ ಪ್ರಜೆಯನ್ನು ಜನರ ಮುಂದೆ ವಿಚಾರಣೆ ಇಲ್ಲದೆ ಕೊಲ್ಲುವಂತಿಲ್ಲ. ಅದು ಅವರ ಕಾನೂನಿನ ಅಡಿಗಲ್ಲು. ಸೆನೆಟ್ ಸಲಹೆ ಕೊಡಬಹುದು, ಮರಣದಂಡನೆ ಕೊಡುವ ಕೋರ್ಟು ಅದಲ್ಲ. ಡಿಸೆಂಬರ್ 5ರ ಸಭೆಯಲ್ಲಿ ಜೂಲಿಯಸ್ ಸೀಸರ್, ಆಸ್ತಿ ಮುಟ್ಟುಗೋಲು ಹಾಕಿ ಇಟಲಿಯ ಊರುಗಳಲ್ಲಿ ಸೆರೆ ಇಡೋಣ ಅಂದ. ಇನ್ನೊಬ್ಬ ಸೆನೆಟರ್ ಕೇಟೊ, ಕೊಲ್ಲಲೇಬೇಕು ಅಂದ. ಸೆನೆಟ್ ಕೇಟೊ ಕಡೆ ವಾಲಿತು. ಸಿಸೆರೊ ಲೆಂಟುಲಸ್‌ನನ್ನು ತಾನೇ ಕರೆದುಕೊಂಡು ಫೋರಮ್ ದಾಟಿ ಸೆರೆಮನೆಗೆ ಒಯ್ದ. ನೆಲದಡಿಯ ಕತ್ತಲೆ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಇಳಿಸಿ ಹಗ್ಗದಿಂದ ಕತ್ತು ಬಿಗಿದರು. ಹೊರಗೆ ಬಂದ ಸಿಸೆರೊ ಜನರಿಗೆ ಹೇಳಿದ್ದು ಒಂದೇ ಪದ: “ಬಾಳಿದರು.” ಸತ್ತರು ಅನ್ನುವುದು ಅಪಶಕುನ ಅಂತ ಹಾಗೆ. ಮನೆಗೆ ಹೋಗುವ ದಾರಿಯಲ್ಲಿ ಬಾಗಿಲು ಬಾಗಿಲಿಗೂ ದೀಪ ಹಚ್ಚಿಟ್ಟಿದ್ದರು. ನಾಡಿನ ತಂದೆ ಅಂತ ಕರೆದರು.

ತಪ್ಪೋ ಸರಿಯೋ? ಇದನ್ನು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ತಪ್ಪು. ಹೊರಗೆ ಕ್ಯಾಟಿಲೈನ್ ಸೈನ್ಯ ಕಟ್ಟುತ್ತಿದ್ದ, ಒಳಗೆ ಭಯ ಇತ್ತು, ಎಲ್ಲ ನಿಜ. ಆದರೆ ಆ ಐದು ಜನ ಆಗಲೇ ಹಿಡಿತದಲ್ಲಿದ್ದರು. ವೆರೆಸ್ ಒಬ್ಬ ಪ್ರಜೆಯನ್ನು ವಿಚಾರಣೆ ಇಲ್ಲದೆ ಕೊಂದ ಅಂತ ಬೆಂಕಿ ಕಾರಿದ ಪೆನ್ನು ಇದೇ ಸಿಸೆರೊನದು. ಏಳು ವರ್ಷದ ಮೇಲೆ ತಾನೇ ಆ ಬೇಲಿ ದಾಟಿದ. ಅವನ ಎದುರಾಳಿಗಳಿಗೆ ಸಿಕ್ಕಿದ ಹಗ್ಗ ಅದು. ವರ್ಷದ ಕೊನೆಯ ದಿನ ಹುದ್ದೆ ಬಿಡುವ ಭಾಷಣ ಮಾಡಲು ನಿಂತಾಗ ಜನರ ಪ್ರತಿನಿಧಿಯಾದ ಟ್ರಿಬ್ಯೂನ್ ಒಬ್ಬ ತಡೆದ. ಬೇರೆಯವರ ಮಾತು ಕೇಳದೆ ಶಿಕ್ಷಿಸಿದವನಿಗೆ ಮಾತಾಡುವ ಹಕ್ಕಿಲ್ಲ ಅಂದ.

ಅದರ ಮೇಲೆ ಅವನ ಇನ್ನೊಂದು ದೌರ್ಬಲ್ಯ ಸೇರಿತು. ತನ್ನ ಕಾನ್ಸಲ್ ವರ್ಷವನ್ನು ಹೊಗಳಿಕೊಂಡು ಹೊಗಳಿಕೊಂಡು ಜನರಿಗೆ ಸಾಕು ಸಾಕು ಮಾಡಿದ. ಅದರ ಮೇಲೆ ತಾನೇ ಕಾವ್ಯವನ್ನೂ ಬರೆದ. ಯಾರನ್ನು ಕಂಡರೂ ಚುಚ್ಚುಮಾತು, ನಗೆಚಾಟಿಕೆ. ನಾಲಿಗೆ ಒಳ್ಳೇದಿದ್ದರೆ ನಾಡೆಲ್ಲ ಒಳ್ಳೇದು ಅಂತೀವಲ್ಲ. ಕೋರ್ಟಿನಲ್ಲಿ ಅವನನ್ನು ಎತ್ತಿದ ನಾಲಿಗೆಯೇ ಹೊರಗೆ ಶತ್ರುಗಳನ್ನು ಸಂಪಾದಿಸಿತು. ಅವರಲ್ಲಿ ಮುಖ್ಯನಾದವನು ಕ್ಲೋಡಿಯಸ್. ಹೆಂಗಸರಷ್ಟೇ ಸೇರುವ ಪೂಜೆಗೆ ಹೆಣ್ಣುವೇಷದಲ್ಲಿ ನುಗ್ಗಿದ ಆರೋಪ ಅವನ ಮೇಲೆ ಇತ್ತು. ಅವತ್ತು ತಾನು ಊರಲ್ಲೇ ಇರಲಿಲ್ಲ ಅಂದ. ಸಿಸೆರೊ ಸಾಕ್ಷಿ ಹೇಳಿ ಅದು ಸುಳ್ಳು ಅಂತ ತೋರಿಸಿದ. ಕ್ಲೋಡಿಯಸ್ ಅದನ್ನು ಮರೆಯಲಿಲ್ಲ.

60ರ ಕೊನೆಗೆ ಸೀಸರ್, ಪಾಂಪೆ, ಭಾರೀ ಹಣವಂತ ಕ್ರಾಸಸ್ ಮೂವರೂ ಒಳಗೊಳಗೇ ಕೈ ಜೋಡಿಸಿದರು. ಸೀಸರ್ ಸಿಸೆರೊಗೂ ಕರೆ ಕಳಿಸಿದ. ಬಾ, ನಮ್ಮ ಜೊತೆ ಇರು, ನಿನಗೆ ಯಾರ ಭಯವೂ ಇರುವುದಿಲ್ಲ ಅಂತ. ಸಮಯಸಾಧಕನಾಗಿದ್ದರೆ ಓಡಿ ಹೋಗಬೇಕಿತ್ತು. ಅವನು ಒಲ್ಲೆ ಅಂದ. 59ರಲ್ಲಿ ಸೀಸರ್ ಮತ್ತೆ ಹುದ್ದೆ ಕೊಡಲು ಬಂದಾಗಲೂ ಒಲ್ಲೆ ಅಂದ. ಅದರ ಫಲ 58ರಲ್ಲಿ ಸಿಕ್ಕಿತು. ಟ್ರಿಬ್ಯೂನ್ ಆದ ಕ್ಲೋಡಿಯಸ್, ವಿಚಾರಣೆ ಇಲ್ಲದೆ ಪ್ರಜೆಯನ್ನು ಕೊಂದವನಿಗೆ ಗಡಿಪಾರು ಅಂತ ಕಾನೂನು ತಂದ. ಪಾಂಪೆ ಕೈಬಿಟ್ಟ. ಸಿಸೆರೊ ರಾತ್ರೋರಾತ್ರಿ ಊರು ಬಿಟ್ಟ. ಪ್ಯಾಲಟೈನ್ ಗುಡ್ಡದ ಮೇಲೆ 35 ಲಕ್ಷ ಸೆಸ್ಟರ್ಸ್ ಕೊಟ್ಟು ಕೊಂಡಿದ್ದ ಮನೆಯನ್ನು ಕೆಡವಿ ಅಲ್ಲಿ ಸ್ವಾತಂತ್ರ್ಯ ದೇವಿಯ ಗುಡಿ ಕಟ್ಟಿಸಿದ ಕ್ಲೋಡಿಯಸ್. ಗ್ರೀಸ್‌ನ ಥೆಸಲೋನಿಕಾದಲ್ಲಿ ಕೂತು ಸಿಸೆರೊ ಬರೆದ ಕಾಗದಗಳನ್ನು ಓದಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬದುಕು ಬೇಡ ಅನ್ನುವವರೆಗೂ ಹೋಗಿದ್ದ. 57ರ ಆಗಸ್ಟ್ 4ರಂದು ಅವನನ್ನು ವಾಪಸು ಕರೆಸುವ ಕಾನೂನಿಗೆ ಜನರ ಮತ ಬಿತ್ತು. ಮರುದಿನ ಬ್ರಿಂಡಿಸಿಯಲ್ಲಿ ಹಡಗು ಇಳಿದ. ಅವತ್ತು ಮಗಳು ಟುಲ್ಲಿಯಾಳ ಹುಟ್ಟುಹಬ್ಬ. ಅವಳು ದಡದಲ್ಲಿ ಕಾದಿದ್ದಳು.

ವಾಪಸು ಬಂದ ಮೇಲೆ ಕೆಲವು ವರ್ಷ ಆ ಮೂವರಿಗೆ ತಗ್ಗಿ ನಡೆದ. ತನ್ನ ಶತ್ರುಗಳ ಪರವಾಗಿಯೂ ಕೋರ್ಟಿನಲ್ಲಿ ವಾದ ಮಾಡಿದ. ನಿಮ್ಮ ‘ಸಮಯಸಾಧಕ’ ಅನ್ನುವ ಆರೋಪ ಹೆಚ್ಚು ಹೊಂದುವುದು ಈ ಕಾಲಕ್ಕೆ. ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ. ಅವನಿಗೂ ನಾಚಿಕೆ ಇತ್ತು, ಸ್ನೇಹಿತ ಆಟಿಕಸ್‌ಗೆ ಹಾಗೇ ಬರೆದಿದ್ದಾನೆ.

51ರಲ್ಲಿ ಅವನನ್ನು ಗವರ್ನರ್ ಮಾಡಿ ಈಗಿನ ಟರ್ಕಿಯ ದಕ್ಷಿಣ ಭಾಗವಾದ ಸಿಲಿಸಿಯಾಕ್ಕೆ ಕಳಿಸಿದರು. ಮನಸ್ಸಿಲ್ಲದೆ ಹೋದ. ಆದರೆ ಅಲ್ಲಿ ಮಾಡಿದ ಕೆಲಸ ಚೆನ್ನಾಗಿದೆ. ಹಿಂದಿನವನು ಪ್ರಾಂತ್ಯವನ್ನು ಹಿಂಡಿ ಹಿಪ್ಪೆ ಮಾಡಿ ಹೋಗಿದ್ದ. ಜನ ತಲೆಗಂದಾಯ ಕಟ್ಟಲಾಗದೆ ಕೂತಿದ್ದರು. ಗವರ್ನರ್ ಬಂದರೆ ಊರಿನವರೇ ಅವನ ದಂಡಿಗೆಲ್ಲ ಊಟ, ಮೇವು ಕೊಡಬೇಕಾದ ಕಾಲ. ಸಿಸೆರೊ ಹುಲ್ಲು ಬೇಡ, ಸೌದೆಯೂ ಬೇಡ, ನಾಲ್ಕು ಮಂಚ ಮತ್ತು ತಲೆ ಮೇಲೊಂದು ಸೂರು ಸಾಕು ಅಂದ. ಎಷ್ಟೋ ಕಡೆ ಡೇರೆಯಲ್ಲೇ ಮಲಗಿದ. ರೋಮ್‌ನಿಂದ ಒಬ್ಬ ಗೆಳೆಯ, ಆಟೋಟದ ಪ್ರದರ್ಶನಕ್ಕೆ ಚಿರತೆ ಹಿಡಿಸಿ ಕಳಿಸು ಅಂತ ಕಾಡುತ್ತಿದ್ದ. ನನ್ನ ಪ್ರಾಂತ್ಯದಲ್ಲಿ ಬಲೆ ಬೀಸುತ್ತಿರುವುದು ನಮಗೆ ಮಾತ್ರ ಅಂತ ಚಿರತೆಗಳು ದೂರುತ್ತಿವೆ, ಪಕ್ಕದ ಸೀಮೆಗೆ ಗುಳೆ ಹೊರಟಿವೆಯಂತೆ ಅಂತ ಉತ್ತರ ಬರೆದ.

ಅಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಅವನ ಪ್ರಾಂತ್ಯಕ್ಕೇ ಸೇರಿದ್ದ ಸೈಪ್ರಸ್‌ನ ಸಲಾಮಿಸ್ ಊರು ಒಂದು ಸಾಲ ಮಾಡಿತ್ತು. ಬಡ್ಡಿ ವರ್ಷಕ್ಕೆ ನೂರಕ್ಕೆ 48. ವಸೂಲಿಗೆ ಹೋದವನು ಕುದುರೆ ದಂಡು ತಂದು ಊರಿನ ಸಭೆಯನ್ನೇ ಮುತ್ತಿದ. ಒಳಗಿದ್ದ ಐದು ಜನ ಹಸಿವಿನಿಂದ ಸತ್ತರು. ಆ ಸಾಲದ ಹಿಂದಿನ ನಿಜವಾದ ಧಣಿ ಯಾರು ಗೊತ್ತೇ? ಮುಂದೆ ಸೀಸರ್‌ನನ್ನು ಕೊಂದ ಬ್ರೂಟಸ್. ಸಿಸೆರೊ ಬೆಚ್ಚಿಬಿದ್ದ. ದಂಡನ್ನು ಹಿಂದಕ್ಕೆ ಕರೆಸಿದ, ಬಡ್ಡಿ ನೂರಕ್ಕೆ 12 ಮೀರಬಾರದು ಅಂದ. ಆದರೆ ವ್ಯವಹಾರವನ್ನು ಪೂರ್ತಿ ಇತ್ಯರ್ಥ ಮಾಡದೆ ಮುಂದಿನವನಿಗೆ ಬಿಟ್ಟು ಬಂದ. ಬ್ರೂಟಸ್‌ನ ಮುಲಾಜು. ಅವನ ಒಳ್ಳೆಯತನ ಎಲ್ಲಿಯವರೆಗೆ, ಅಂಜಿಕೆ ಎಲ್ಲಿಂದ ಅನ್ನುವುದು ಈ ಒಂದು ಕಡತದಲ್ಲೇ ಕಾಣುತ್ತದೆ.

ಅವನು ಹಿಂತಿರುಗುವ ಹೊತ್ತಿಗೆ ಸೀಸರ್‌ಗೂ ಪಾಂಪೆಗೂ ಯುದ್ಧ. 49ರ ಮಾರ್ಚ್‌ನಲ್ಲಿ ಗೆದ್ದು ಬರುತ್ತಿದ್ದ ಸೀಸರ್ ತಾನೇ ಸಿಸೆರೊನನ್ನು ಕಂಡು, ರೋಮ್‌ಗೆ ಬಂದು ಸೆನೆಟ್‌ನಲ್ಲಿ ಕೂರು ಅಂದ. ಬಂದರೆ ನಿನ್ನ ವಿರುದ್ಧ ಮಾತಾಡುತ್ತೇನೆ, ಇಲ್ಲದಿದ್ದರೆ ಬರುವುದಿಲ್ಲ ಅಂದ ಸಿಸೆರೊ. ಇಡೀ ಇಟಲಿ ಸೀಸರ್ ಕಾಲಿಗೆ ಬಿದ್ದಿದ್ದ ದಿನಗಳು ಅವು. ತಿಂಗಳುಗಟ್ಟಲೆ ಅತ್ತಿತ್ತ ಓಲಾಡಿ, ಸೋಲುವುದು ಖಂಡಿತ ಅಂತ ಗೊತ್ತಿದ್ದೂ ಪಾಂಪೆಯನ್ನು ಸೇರಿಕೊಂಡ. ಪಾಂಪೆ ಸೋತ. ಸೀಸರ್ ಸಿಸೆರೊನನ್ನು ಕ್ಷಮಿಸಿದ. ಆಮೇಲಿನ ವರ್ಷಗಳಲ್ಲಿ ಸೆನೆಟ್ ಇದ್ದೂ ಇಲ್ಲದ ಹಾಗೆ. ಹೆಂಡತಿಯಿಂದ ಬೇರೆಯಾದ. 45ರಲ್ಲಿ ಮಗಳು ತೀರಿಕೊಂಡಳು. ಆ ದುಃಖದಲ್ಲಿ ಕೂತು ತತ್ವಶಾಸ್ತ್ರದ ಗ್ರಂಥಗಳನ್ನು ಒಂದರ ಮೇಲೊಂದು ಬರೆದ.

ಇಲ್ಲಿ ಒಂದು ಮಾತು. ಅವನನ್ನು ಹೇಡಿ ಅನ್ನಲು ಮುಖ್ಯ ಕಾರಣ ಅವನದೇ ಕಾಗದಗಳು. ಅವನ ಪತ್ರವ್ಯವಹಾರದ 900ಕ್ಕೂ ಹೆಚ್ಚು ಕಾಗದ ಉಳಿದಿವೆ. ಇವತ್ತು ಒಂದು ಯೋಚನೆ, ನಾಳೆ ಇನ್ನೊಂದು, ಎಲ್ಲವನ್ನೂ ಆಟಿಕಸ್‌ಗೆ ತೋಡಿಕೊಂಡಿದ್ದಾನೆ. ಸೀಸರ್ ನಮಗೆ ಬಿಟ್ಟುಹೋದದ್ದು ತನ್ನ ಯುದ್ಧದ ವರದಿ. ಅದರಲ್ಲಿ ಅವನು ಒಂದು ಸಲವೂ ತಡಬಡಾಯಿಸುವುದಿಲ್ಲ. ಪಾಂಪೆ ರಾತ್ರಿ ನಿದ್ದೆ ಬರದೆ ಏನು ಯೋಚಿಸಿದ ಅಂತ ಯಾರಿಗೂ ಗೊತ್ತಿಲ್ಲ. ಸಿಸೆರೊನ ಅಂಜಿಕೆ ಮಾತ್ರ 2,000 ವರ್ಷ ದಾಟಿ ನಮ್ಮ ಕೈಗೆ ಬಂದಿದೆ. ಅಂಜುವುದು ಬೇರೆ, ಅಂಜಿಕೊಂಡೇ ಹೋಗಿ ನಿಲ್ಲುವುದು ಬೇರೆ ಅಲ್ವಾ?

44ರ ಮಾರ್ಚ್ 15ರಂದು ಸೀಸರ್ ಕೊಲೆಯಾಯಿತು. ಸಂಚಿನಲ್ಲಿ ಸಿಸೆರೊ ಇರಲಿಲ್ಲ, ಅವನಿಗೆ ಹೇಳಿಯೂ ಇರಲಿಲ್ಲ. ಆದರೂ ಬ್ರೂಟಸ್ ರಕ್ತದ ಚೂರಿ ಎತ್ತಿ ಕೂಗಿದ್ದು ಇವನ ಹೆಸರನ್ನು. 62ರ ವಯಸ್ಸಿನಲ್ಲಿ ಮತ್ತೆ ಎದ್ದ. ಸೀಸರ್‌ನ ಜಾಗಕ್ಕೆ ಕೈ ಚಾಚಿದ್ದ ಮಾರ್ಕ್ ಆಂಟನಿಯ ವಿರುದ್ಧ ಸೆಪ್ಟೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ 14 ಭಾಷಣ ಬರೆದ. ‘ಫಿಲಿಪ್ಪಿಕ್’ಗಳು ಅಂತ ಅವುಗಳ ಹೆಸರು. ಎರಡನೆಯದನ್ನು ಸಭೆಯಲ್ಲಿ ಆಡಲಿಲ್ಲ, ಬರೆದು ಹಂಚಿದ. ಆಂಟನಿಗೆ ಹಳೆಯ ಗಾಯವೂ ಇತ್ತು. 63ರಲ್ಲಿ ಕತ್ತು ಬಿಗಿಸಿಕೊಂಡು ಸತ್ತ ಲೆಂಟುಲಸ್ ಅವನ ಮಲತಂದೆ.

ಎರಡನೇ ಸಲ ಬೇಲಿ ದಾಟಿದ್ದು ಈಗ. ಆಂಟನಿಯನ್ನು ತಡೆಯಲು ಸೈನ್ಯ ಬೇಕು, ಸೆನೆಟ್ ಕೈಯಲ್ಲಿ ಸೈನ್ಯವಿಲ್ಲ. ಸೀಸರ್‌ನ ದತ್ತುಮಗ ಆಕ್ಟೇವಿಯನ್‌ಗೆ 19 ವರ್ಷ. ಯಾವ ಅಧಿಕಾರವೂ ಇಲ್ಲದೆ ಸ್ವಂತ ದುಡ್ಡಿನಿಂದ ಸೈನ್ಯ ಕಟ್ಟಿದ್ದ. ಕಾನೂನಿನ ಲೆಕ್ಕದಲ್ಲಿ ಅದು ರಾಜದ್ರೋಹ. ಸಿಸೆರೊ ಅವನ ಪರ ನಿಂತು, 43ರ ಜನವರಿಯಲ್ಲಿ ಆ ಸೈನ್ಯಕ್ಕೆ ಸೆನೆಟ್‌ನ ಮುದ್ರೆ ಒತ್ತಿಸಿದ. ಈ ಹುಡುಗನಿಗೆ ನಾನು ಹೊಣೆ ಅಂತ ಮಾತು ಕೊಟ್ಟ. ಕೆಲಸ ಮುಗಿದ ಮೇಲೆ ಬದಿಗೆ ಸರಿಸಬಹುದು ಅಂದುಕೊಂಡಿದ್ದ. ಹಾಗೆ ಅವನು ಆಡಿದ ಒಂದು ಮಾತು ಹುಡುಗನ ಕಿವಿಗೂ ಬಿತ್ತು. ಏಪ್ರಿಲ್‌ನಲ್ಲಿ ಆಂಟನಿ ಸೋತ ಸುದ್ದಿ ಬಂದಾಗ ಜನ ಸಿಸೆರೊನನ್ನು ಮೆರವಣಿಗೆಯಲ್ಲಿ ಗುಡಿಗೆ ಕರೆದೊಯ್ದರು. ಆದರೆ ಆ ಯುದ್ಧದಲ್ಲಿ ಇಬ್ಬರು ಕಾನ್ಸಲ್‌ಗಳೂ ಸತ್ತರು. ಸೈನ್ಯ ಆಕ್ಟೇವಿಯನ್ ಕೈಗೆ ಉಳಿಯಿತು. ಅವನು ಕಾನ್ಸಲ್ ಹುದ್ದೆ ಕೇಳಿ ತನ್ನ ಸೈನಿಕರನ್ನು ಸೆನೆಟ್‌ಗೆ ಕಳಿಸಿದ. ಸೆನೆಟ್ ಹಿಂದೆ ಮುಂದೆ ನೋಡಿತು. ಸೈನಿಕರ ಮುಂದಾಳು ತನ್ನ ಮೇಲುವಸ್ತ್ರ ಸರಿಸಿ ಕತ್ತಿಯ ಹಿಡಿ ತೋರಿಸಿದ. “ನೀವು ಮಾಡದಿದ್ದರೆ ಇದು ಮಾಡುತ್ತದೆ” ಅಂದ. ಸಿಸೆರೊ 40 ವರ್ಷ ದುಡಿದು ಕಟ್ಟಿಕೊಂಡ ಬಂಡವಾಳ ಆ ಒಂದು ಮಾತಿಗೆ ಕೆಲಸಕ್ಕೆ ಬಾರದ್ದಾಯಿತು.

ನವೆಂಬರ್‌ನಲ್ಲಿ ಆಕ್ಟೇವಿಯನ್, ಆಂಟನಿ, ಸೀಸರ್ ಕಡೆಯ ಇನ್ನೊಬ್ಬ ಸೇನಾಪತಿ ಲೆಪಿಡಸ್ ಮೂವರೂ ಒಂದಾದರು. ಕೊಲ್ಲಬೇಕಾದವರ ಪಟ್ಟಿ ಮಾಡಿದರು. ಸಿಸೆರೊನನ್ನು ಉಳಿಸಲು ಆಕ್ಟೇವಿಯನ್ ಎರಡು ದಿನ ಹಟ ಹಿಡಿದು ಮೂರನೇ ದಿನ ಬಿಟ್ಟುಕೊಟ್ಟ ಎನ್ನುತ್ತಾನೆ ಪ್ಲುಟಾರ್ಕ್. ಡಿಸೆಂಬರ್ 7ರಂದು ಫೋರ್ಮಿಯೆ ಹತ್ತಿರ ಸಮುದ್ರದ ಕಡೆ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದಾಗ ಸೈನಿಕರು ಬಂದರು. ಹೊತ್ತಿದ್ದ ಆಳುಗಳು ಹೊಡೆದಾಡಲು ತಯಾರಿದ್ದರು. ಬೇಡ, ಇಳಿಸಿ ಅಂದ. ಪಲ್ಲಕ್ಕಿಯಿಂದ ತಾನೇ ಕತ್ತು ಚಾಚಿದ. ತಲೆಯನ್ನೂ ಫಿಲಿಪ್ಪಿಕ್ ಬರೆದ ಕೈಯನ್ನೂ ಕಡಿದು ರೋಮ್‌ಗೆ ಒಯ್ದರು. ಅವನು ಅಷ್ಟು ವರ್ಷ ನಿಂತು ಮಾತಾಡಿದ್ದ ಫೋರಮ್‌ನ ಭಾಷಣದ ಕಟ್ಟೆಗೇ ಆಂಟನಿ ಅವನ್ನು ಹೊಡೆಸಿದ.

30ರಲ್ಲಿ ಆಂಟನಿ ಸತ್ತ ವರ್ಷ, ಆಕ್ಟೇವಿಯನ್ ತನ್ನ ಜೊತೆ ಕಾನ್ಸಲ್ ಮಾಡಿಕೊಂಡದ್ದು ಸಿಸೆರೊನ ಮಗನನ್ನು. ಅವನ ಹೆಸರೂ ಮಾರ್ಕಸ್ ಸಿಸೆರೊ. ಆಂಟನಿ ಸೋತ ಸುದ್ದಿಯ ಕಾಗದ ರೋಮ್‌ಗೆ ಬಂದಾಗ ಅದನ್ನು ಜನರಿಗೆ ಓದಿ, ತಂದೆಯ ತಲೆ ತೂಗಿದ್ದ ಅದೇ ಕಟ್ಟೆಯ ಮೇಲೆ ಅಂಟಿಸಿದವನು ಈ ಮಗ ಎಂದು ಇತಿಹಾಸಕಾರ ಅಪ್ಪಿಯನ್ ಬರೆದಿಟ್ಟಿದ್ದಾನೆ.